ಕೆಂಪು ಕಂಬ, ಹಸಿರು ಕಂಬ

"ಏನ್ರೀ ಇದು? ಚಾರ್ಟಾ, ಬೆಡ್‌ಶೀಟಾ?"

ಕೆಲಸಕ್ಕೆ ಸೇರಿದ ಮೊದಲ ದಿನವೇ ಹಾಗಂದುಬಿಟ್ಟಳು! ಕುಡಿಯುವ ನೀರಿನ ಪರೀಕ್ಷಾ ಕಚೇರಿಯಲ್ಲಿ ವರದಿ ತಯಾರಿಸುವವಳು ಅವಳು. ನೀರಿನ ಇನ್‌ಸ್ಪೆಕ್ಟರ್ ಮಾಡಿದ್ದ ಚಾರ್ಟಿನಲ್ಲಿ ಬಣ್ಣವೇ ಇರಲಿಲ್ಲ. ಒಂದೊಂದು ಟ್ಯಾಂಕಿಗೆ ಒಂದೊಂದು ಕಂಬ; ಒಳ್ಳೆ ನೀರಿನ ಕಂಬಕ್ಕೆ ಚುಕ್ಕಿ, ಕೆಟ್ಟದ್ದಕ್ಕೆ ಅಡ್ಡಗೆರೆ.

ಅವನು ನಾಚಿ ತಲೆ ತಗ್ಗಿಸಿದ. "ನನಗೆ ಹೀಗೇ ಸಲೀಸು ಮೇಡಂ."

ಆ ನಾಚಿಕೆಗೇ ಅವಳು ಸೋತಿದ್ದು... ಅವನೂ ಅಷ್ಟೇ. ಜೇಬಲ್ಲಿ ಎರಡು ಪೆನ್ ಇಟ್ಟುಕೊಂಡು ದಿನಾ ಅವಳ ಹತ್ತಿರ ಪೆನ್ ಕೇಳಲು ಬರುತ್ತಿದ್ದ!

ಮೇಲಧಿಕಾರಿಗಳ ಸಭೆ ಬಂತು. ಅವನಿಗೆ ಖುಷಿಯಾಗಲಿ ಅಂತ, ಒಂದು ಮಾತೂ ಹೇಳದೆ ಅವನ ಚಾರ್ಟಿನ ಚುಕ್ಕಿ, ಗೆರೆ ಎಲ್ಲಾ ತೆಗೆದು ಕಂಬಗಳಿಗೆ ಬಣ್ಣ ತುಂಬಿದಳು. ಒಳ್ಳೆಯದಕ್ಕೆ ಹಸಿರು, ಕೆಟ್ಟದ್ದಕ್ಕೆ ಕೆಂಪು.

ಸಭೆಯಲ್ಲಿ ಅವನು ಪರದೆ ನೋಡಿ ತಡವರಿಸಿದ. ಇಪ್ಪತ್ತೆರಡು ಕಂಬ. ಒಂದು ಕೆಂಪು ಕಂಬ ತೋರಿಸಿ, "ಈ ನೀರು ಕುಡೀಬಹುದು" ಅಂದ!

ಎಲ್ಲರೂ ಗೊಳ್ಳೆಂದರು. "ನಿನ್ನ ಚಾರ್ಟೇ ನಿನಗೆ ಗೊತ್ತಿಲ್ವೇನಯ್ಯಾ?" ಸಾಹೇಬರು ಗುಡುಗಿದರು.

'ಬಣ್ಣ ಹಾಕಿದ್ದು ಹಿಡಿಸ್ಲಿಲ್ಲ ಅಂತ, ನನ್ನ ಕೆಲಸ ಹಾಳು ಮಾಡೋಕೇ ಬೇಕಂತ ಹೀಗೆ ಮಾಡ್ದ!' ಅಲ್ಲೇ ಕೂತಿದ್ದ ಅವಳಿಗೆ ಮೈಯೆಲ್ಲಾ ಉರಿಯಿತು. ಬದಲಾಯಿಸಿದ್ದು ನಾನೇ ಅಂತ ಬಾಯಿ ಬಿಡಲಿಲ್ಲ. ಅವನು "ಒಂದು ಮಾತು..." ಅಂತ ಹಿಂದೆ ಬಂದರೆ ಮುಖ ತಿರುಗಿಸಿ ಹೋದಳು. ಮುಂದಿನ ವಾರ ಅವನನ್ನು ಊರಾಚೆಯ ಪಂಪ್‌ಹೌಸಿಗೆ ಎತ್ತಂಗಡಿ ಮಾಡಿದರು.

ಎಂಟು ತಿಂಗಳು! ಒಂದು ಫೋನ್ ಮಾಡಲಿಲ್ಲ ಪುಣ್ಯಾತ್ಗಿತ್ತಿ.

ಮೊನ್ನೆ ಅವನ ಅಕ್ಕ, ಅವನು ಕಚೇರಿಯಲ್ಲಿ ಬಿಟ್ಟುಹೋಗಿದ್ದ ಪುಸ್ತಕ ಒಯ್ಯಲು ಬಂದರು. "ತಾನು ಮಾಡಿದ ಚಾರ್ಟೇ ತಿಳೀಲಿಲ್ಲ ನಿಮ್ಮ ತಮ್ಮನಿಗೆ" ಅಂತ ಇವಳು ಚುಚ್ಚಿದಳು.

"ಹೆಂಗೆ ತಿಳೀಬೇಕಮ್ಮಾ? ಅವನಿಗೆ ಕೆಂಪು, ಹಸಿರು ಎರಡೂ ಒಂದೇ ಥರ ಕಾಣೋದು. ಹುಟ್ಟಿದಾಗಿಂದ."

ಅವಳು ಆ ಹಳೇ ಚಾರ್ಟು ಹುಡುಕಿ ತೆಗೆದಳು. 'ಅಯ್ಯೋ, ಏನು ಮಾಡ್ಬಿಟ್ಟೆ ನಾನು...'

ಮರುದಿನ ಅವಳು ಪಂಪ್‌ಹೌಸಿನ ಬಾಗಿಲಲ್ಲಿ ಬಂದು ನಿಂತಳು. ಅವನು ಸೊರಗಿದ್ದ.

"ಯಾಕೆ ಹೇಳ್ಲಿಲ್ಲ ನೀವು?"

"ನೀವೂ ನಗ್ತೀರೇನೋ ಅಂತ ಭಯ. ಆವತ್ತು ಹೇಳೋಕೇ ಬಂದೆ..."

"ನಾನು ಕೇಳಿಸ್ಕೊಳ್ಲಿಲ್ಲ." ಅವಳಿಗೆ ಅಳು ತಡೆಯಲಾಗಲಿಲ್ಲ. "ಬೆಳಿಗ್ಗೆ ಸಾಹೇಬ್ರಿಗೆ ಎಲ್ಲಾ ಹೇಳ್ಬಿಟ್ಟು ಬಂದೆ. ತಪ್ಪು ನಂದು ಅಂತ."

"ಆಗಲೇ ಹೇಳ್ಬೇಕಿತ್ತು."

"ಹೌದು... ಇಷ್ಟಪಟ್ಟವರನ್ನೇ ನಾಲ್ಕು ಜನರ ಮುಂದೆ ಕೈಬಿಟ್ಟೆ. ಕೋಪ ಇದೆಯಾ?"

"ಇದೆ."

ಅವಳು ಕಣ್ಣೊರೆಸಿಕೊಂಡಳು. "ಸರಿ... ಹೋಗ್ತೀನಿ."

"ಕೋಪ ಇದೆ ಅಂದೆ." ಮೊದಲ ಸಲ ಅವನ ಬಾಯಲ್ಲಿ ಏಕವಚನ ಬಂತು. "ನಿನಗೆ ಹೋಗು ಅಂದ್ನಾ ನಾನು?"