ಲಿಸ್ಟಿನಲ್ಲಿ ಎಲ್ಲವೂ ಎರಡೆರಡು

"ಪೀಂಕ್!"

ಅಮ್ಮನ ಕೈಯಲ್ಲಿದ್ದ ಪಿಸ್ತೂಲು ಕೂಗಿತು. ನಿಜವಾದ ಪಿಸ್ತೂಲಲ್ಲ, ಅಂಗಡಿಯವರು ಕೊಟ್ಟ ಸ್ಕ್ಯಾನರ್. ಬೇಕಾದ ಸಾಮಾನಿನ ಕಪ್ಪು ಗೆರೆಗಳ ಮೇಲೆ ಅದರ ಕೆಂಪು ಬೆಳಕು ಬಿಟ್ಟರೆ ಸಾಕು, ಸಾಮಾನು ಅಮ್ಮ ಮತ್ತು ಕ್ಲೈವ್ ಮದುವೆಯ ಗಿಫ್ಟ್ ಲಿಸ್ಟಿಗೆ ಸೇರಿಬಿಡುತ್ತದೆ. ಆ ಲಿಸ್ಟನ್ನು ಅಂಗಡಿಯವರೇ ನೆಂಟರಿಗೆಲ್ಲ ಕಳಿಸುತ್ತಾರೆ. ಅದನ್ನು ನೋಡಿ ಒಬ್ಬೊಬ್ಬರು ಒಂದೊಂದು ಕೊಳ್ಳುತ್ತಾರೆ.

"ಟವೆಲ್ ಎಷ್ಟು ಹಾಕ್ಲಿ ಕ್ಲೈವ್?" ಅಮ್ಮ ಕೇಳಿದಳು.

"ಎರಡು ಸಾಕಲ್ವಾ ರೋವಿ? ನಿಂಗೊಂದು, ನಂಗೊಂದು."

ಪೀಂಕ್. ಪೀಂಕ್.

ಟೆಸ್ ಸ್ವೆಟರಿನ ಜೇಬಿನಲ್ಲಿ ಕೈ ತೂರಿಸಿಕೊಂಡು ಹಿಂದೆ ಹಿಂದೆ ನಡೆಯುತ್ತಿದ್ದಳು. ದಿಂಬು ಎರಡು. ಚಹಾ ಕುಡಿಯುವ ಮಗ್ ಎರಡು. ಚಳಿಗೆ ಹಾಕುವ ಗೌನ್ ಎರಡು. ಒಂದೊಂದು ಪೀಂಕ್‌ಗೂ ಅವಳು ಎಣಿಸುತ್ತಿದ್ದಳು: ಒಂದು, ಎರಡು. ಮೂರು ಬರುತ್ತಲೇ ಇರಲಿಲ್ಲ.

ಹೋದ ವಾರ ಸ್ಕೂಲಿನಲ್ಲಿ ಅವಳ ಕ್ಲಾಸಿನ ಜ್ಯಾರಡ್ ಸ್ಯಾಂಡ್‌ವಿಚ್ ಜಗಿಯುತ್ತಾ ಹೇಳಿದ್ದ. "ನನ್ನ ಕಸಿನ್ ಇದ್ದಾಳಲ್ಲ, ಅವಳಮ್ಮ ಇನ್ನೊಂದು ಮದುವೆ ಆದ್ಮೇಲೆ ಅವಳು ಅಜ್ಜಿ ಮನೇಲೇ ಉಳ್ಕೊಂಡ್ಲು. ಹೊಸ ಮನೇಲಿ ಜಾಗ ಇಲ್ವಂತೆ. ನೀನೂ ರೆಡಿಯಾಗಿರು."

"ಹೋಗೋ ಲೂಸು!" ಎಂದಿದ್ದಳು ಟೆಸ್. ಆದರೆ ಆ ಮಾತು ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಒಳಗೇ ಉಳಿದುಬಿಟ್ಟಿತ್ತು.

ಟೆಸ್ ಮತ್ತು ಅಮ್ಮ ಇರುವುದು ಡೆವನ್‌ಪೋರ್ಟಿನಲ್ಲಿ, ಅಜ್ಜಿಯ ಮನೆಯಲ್ಲಿ. ಅಜ್ಜಿ ಅಂದರೆ ಟೆಸ್‌ಗೆ ಪ್ರಾಣ. ಆದರೆ ಅಮ್ಮ ಇಲ್ಲದ ಅಜ್ಜಿ ಮನೆ? ದೋಣಿ ರಿಪೇರಿ ಮಾಡುವ ಕ್ಲೈವ್‌ಗೆ ಪಕ್ಕದ ಊರಿನ ಕಡಲ ದಡದಲ್ಲಿ ಪುಟ್ಟ ಮನೆಯಿದೆ. ಅಲ್ಲಿರುವುದು ಎರಡೇ ರೂಮು. ಹಿಂದಿನ ರೂಮಿಗೆ ಯಾವಾಗಲೂ ಬೀಗ. "ಅಲ್ಲಿಗೆ ಹೋಗ್ಬೇಡ ಪುಟ್ಟಿ, ಸಾಮಾನು ತುಂಬಿದೆ" ಎನ್ನುತ್ತಾನೆ ಕ್ಲೈವ್. ಒಂದು ದಿನ ಅವಳನ್ನು ಗೋಡೆಗೆ ನಿಲ್ಲಿಸಿ ತಲೆಯಿಂದ ಹಿಮ್ಮಡಿವರೆಗೆ ಟೇಪು ಹಿಡಿದು ಅಳೆದಿದ್ದ. ಯಾಕೆ ಎಂದರೆ, "ಸುಮ್ನೆ" ಎಂದಿದ್ದ.

ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಕೇಳಿದಾಗ ಅಮ್ಮ "ಹೌದು" ಅಂದುಬಿಟ್ಟರೆ?

"ಬಾ ರೋವಿ, ಈ ಹಾಸಿಗೆ ಮೇಲೆ ಮಲಗಿ ನೋಡೋಣ!" ಕ್ಲೈವ್ ಕರೆದ. ಅಮ್ಮ ಸ್ಕ್ಯಾನರನ್ನು ತಳ್ಳುಗಾಡಿಯಲ್ಲಿಟ್ಟು ಓಡಿದಳು. ಇಬ್ಬರೂ ಷೂ ಸಮೇತ ಬಿದ್ದುಕೊಂಡು ನಗತೊಡಗಿದರು.

ಟೆಸ್ ಪಕ್ಕದ ಶೆಲ್ಫ್ ನೋಡಿದಳು. ಅಲ್ಲಿ ಒಬ್ಬರೇ ಮಲಗುವ ಮಂಚಕ್ಕೆ ಹೊದಿಸುವ ನೀಲಿ ಹೊದಿಕೆ ಇತ್ತು. ಅದರ ತುಂಬ ಪುಟ್ಟ ಪುಟ್ಟ ಪೆಂಗ್ವಿನ್.

ಇದು ಲಿಸ್ಟಿಗೆ ಸೇರಿದರೆ ಯಾರಾದರೂ ಕೊಳ್ಳುತ್ತಾರೆ. ಹೊದಿಕೆ ಬಂದಮೇಲೆ ಚಿಕ್ಕ ಮಂಚ ಬೇಕಾಗುತ್ತದೆ. ಮಂಚ ಬಂದರೆ ಅದಕ್ಕೊಂದು ಜಾಗ ಮಾಡಲೇಬೇಕು.

ಟೆಸ್ ಸ್ಕ್ಯಾನರ್ ಎತ್ತಿಕೊಂಡಳು. ಸದ್ದು ಕೇಳಿಸಬಾರದೆಂದು ಅದನ್ನು ಸ್ವೆಟರಿನ ಅಂಚಿನಲ್ಲಿ ಸುತ್ತಿ, ಸದ್ದು ಬರುವ ತೂತನ್ನು ಅಂಗೈಯಿಂದ ಒತ್ತಿ ಹಿಡಿದು, ಹೊದಿಕೆಯ ಕಪ್ಪು ಗೆರೆಗಳತ್ತ ಗುರಿಯಿಟ್ಟು ಬಟನ್ ಅದುಮಿದಳು. ಸದ್ದೇ ಇಲ್ಲ. ಲಿಸ್ಟಿಗೆ ಸೇರಿತೋ ಇಲ್ಲವೋ? ಮತ್ತೆ ಅದುಮಿದಳು. ಮತ್ತೆ. ಇನ್ನೊಂದು ಸಲ...

"ಟೆಸ್! ಏನ್ ಮಾಡ್ತಿದ್ದೀಯ ಅಲ್ಲಿ?"

"ಏನಿಲ್ಲ!" ಸ್ಕ್ಯಾನರ್ ತಳ್ಳುಗಾಡಿಗೆ ಬಿತ್ತು.

ಅಂದಿನಿಂದ ಮನೆಯ ಫೋನು ರಿಂಗಾದಾಗಲೆಲ್ಲ ಟೆಸ್ ಬಾಗಿಲ ಸಂದಿಯಲ್ಲಿ ನಿಂತು ಕಿವಿಗೊಡುತ್ತಿದ್ದಳು. ಅಂಗಡಿಯವರಿರಬಹುದಾ? ಯಾರೂ ಏನೂ ಕೇಳಲಿಲ್ಲ. ಯಾರೂ ಕೇಳದೆ ಇದ್ದದ್ದೇ ಅವಳ ಭಯವನ್ನು ಇನ್ನೂ ಹೆಚ್ಚಿಸಿತು.

ಕೊನೆಗೆ ಕಿಚನ್ ಟೀ ದಿನ ಬಂತು. ಮದುವೆಗೆ ಮುಂಚೆ ಹೆಂಗಸರೆಲ್ಲ ಸೇರಿ, ತಿಂದು ಕುಡಿದು, ಮದುಮಗಳಿಗೆ ಮನೆ ಸಾಮಾನು ಕೊಡುವ ದಿನ. ಅಜ್ಜಿಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮ್ಮ ಮಧ್ಯದ ಕುರ್ಚಿಯಲ್ಲಿ ಕೂತು ಗಿಫ್ಟ್ ಬಿಚ್ಚತೊಡಗಿದಳು. ಮಗ್ ಬಂತು. ಟವೆಲ್ ಬಂತು.

"ನಂದು ಬಿಚ್ಚೇ!" ಎಂದಳು ಅಮ್ಮನ ಅಕ್ಕ, ಗ್ಲೆನಿಸ್ ದೊಡ್ಡಮ್ಮ. ಕಾಗದ ಹರಿಯಿತು. ಪೆಂಗ್ವಿನ್!

ಅಮ್ಮ ಹುಬ್ಬು ಗಂಟಿಕ್ಕಿದಳು. ಮುಂದಿನ ಪೊಟ್ಟಣ ಬಿಚ್ಚಿದರೆ ಅದರಲ್ಲೂ ಪೆಂಗ್ವಿನ್. ಅದರ ಮುಂದಿನದರಲ್ಲೂ!

"ಏನೇ ರೋವಿ, ಹಾಸ್ಟೆಲ್ ತೆಗೀತಿದ್ದೀಯಾ?" ದೊಡ್ಡಮ್ಮ ಕಿರುಚಿದಳು. "ಲಿಸ್ಟಲ್ಲಿ ಇನ್ನೂ ಬೇಕು, ಇನ್ನೂ ಬೇಕು ಅಂತಿತ್ತು! ನಾನು ಕಣ್ಣುಜ್ಜಿ ಉಜ್ಜಿ ನೋಡ್ದೆ!"

"ಪೆಂಗ್ವಿನ್ ಸಾಕ್ತಾಳೇನೋ ಬಿಡೇ, ಕಡಲ ಪಕ್ಕದ ಮನೆಯಲ್ವಾ!" ಎಂದಳು ಅಜ್ಜಿ. ಹಾಲಿಗೆ ಹಾಲೇ ನಕ್ಕಿತು.

ಅಮ್ಮ ನಗಲಿಲ್ಲ. ಅವಳ ಕಣ್ಣು ನಿಧಾನವಾಗಿ ತಿರುಗಿ ಟೆಸ್ ಮೇಲೆ ನಿಂತಿತು.

ಟೆಸ್ ಓಡಿದಳು. ಹಿತ್ತಲ ಕಡೆಯ ಬಟ್ಟೆ ಒಗೆಯುವ ಕೋಣೆಗೆ ನುಗ್ಗಿ, ವಾಷಿಂಗ್ ಮಷೀನಿನ ಪಕ್ಕ ಮುದುರಿ ಕೂತಳು. ಈಗಂತೂ ಕರೆದುಕೊಂಡು ಹೋಗುವುದೇ ಇಲ್ಲ. ಎಲ್ಲರ ಮುಂದೆ ಅಮ್ಮನ ಮಾನ ಕಳೆದೆನಲ್ಲ.

ಬಾಗಿಲು ಕಿರ್ ಎಂದಿತು. "ನೀನಾ ಹಾಕಿದ್ದು?" ಅಮ್ಮ ಕೇಳಿದಳು.

ಟೆಸ್ ಹೌದೆಂದು ತಲೆಯಾಡಿಸಿದಳು.

"ಯಾಕೆ ಚಿನ್ನಾ?"

"ಎಲ್ಲಾ ಎರಡೆರಡೇ ಇತ್ತು..." ಟೆಸ್ ಬಿಕ್ಕಿದಳು. "ನಂಗೆ ಅಂತ ಒಂದೂ ಇರ್ಲಿಲ್ಲ. ನಾನು ಇಲ್ಲೇ ಉಳೀಬೇಕಾ ಅಮ್ಮಾ?"

ಅಮ್ಮ ಹೊಸ ಫ್ರಾಕಿನಲ್ಲೇ ನೆಲದ ಮೇಲೆ ಕುಸಿದು ಕೂತಳು. ಟೆಸ್‌ಳನ್ನು ಎಳೆದು ಅಪ್ಪಿಕೊಂಡಳು. ಆಮೇಲೆ, ಸಾಮಾನು ಸಾಗಿಸಲು ಗಾಡಿ ತಂದು ಹೊರಗೆ ಕಾಯುತ್ತಿದ್ದವನನ್ನು ಕಿಟಕಿಯಿಂದಲೇ ಕೂಗಿದಳು. "ಕ್ಲೈವ್! ಇವಳಿಗೆ ತೋರಿಸ್ಬಿಡು."

"ಪಾಲಿಶ್ ಇನ್ನೂ ಒಣಗಿಲ್ಲ ಕಣೇ."

"ಒಣಗದಿದ್ರೂ ಪರ್ವಾಗಿಲ್ಲ. ಈಗ್ಲೇ."

ನೆಂಟರನ್ನು ಅಜ್ಜಿಗೆ ಬಿಟ್ಟು, ಮೂವರೂ ಗಾಡಿಯ ಮುಂದಿನ ಸೀಟಿನಲ್ಲಿ ಕೂತು ಕ್ಲೈವ್ ಮನೆಗೆ ಹೊರಟರು. ದಾರಿಯುದ್ದಕ್ಕೂ ಟೆಸ್ ಅಮ್ಮನ ಕೈ ಬಿಡಲಿಲ್ಲ. ಕ್ಲೈವ್ ಹಿಂದಿನ ರೂಮಿನ ಬೀಗ ತೆಗೆದಾಗ ಹಸಿ ಮರದ ಹೊಟ್ಟಿನ ವಾಸನೆ ಮೂಗಿಗೆ ಬಡಿಯಿತು.

ಕಿಟಕಿಯ ಪಕ್ಕ ಒಂದು ಮಂಚ ಇತ್ತು. ಕಿಟಕಿಯಾಚೆ ಕಡಲು.

"ನೀವೇ ಮಾಡಿದ್ದಾ?" ಟೆಸ್ ಪಿಸುಗುಟ್ಟಿದಳು. "ಮತ್ತೆ ಇದು ಲಿಸ್ಟಲ್ಲಿ ಯಾಕಿರ್ಲಿಲ್ಲ?"

ಕ್ಲೈವ್ ಕತ್ತು ಕೆರೆದುಕೊಂಡ. ಅವನ ಉಗುರಿಗೆಲ್ಲ ಪಾಲಿಶ್ ಮೆತ್ತಿತ್ತು. "ಲಿಸ್ಟಲ್ಲಿರೋದು ಊರೋರ ಹತ್ರ ಕೇಳೋ ಸಾಮಾನು. ನಿನ್ನ ಮಂಚಾನ ಊರೋರ ಹತ್ರ ಕೇಳಕ್ಕಾಗುತ್ತಾ?"

"ಟವೆಲ್ಲು?"

"ನಿನ್ನ ಆ ಹರುಕು ಡಾಲ್ಫಿನ್ ಟವೆಲ್ ಬಿಟ್ಟು ಬೇರೇದು ಮುಟ್ತೀಯೇನೇ ನೀನು?" ಎಂದಳು ಅಮ್ಮ, ಕಣ್ಣೊರೆಸಿಕೊಳ್ಳುತ್ತಾ.

ಟೆಸ್ ಮಂಚದ ಹಲಗೆಗಳ ಮೇಲೆ ಮೆಲ್ಲಗೆ ಮಲಗಿದಳು. ಬೆನ್ನಿಗೆ ಒತ್ತಿತು. ಕಾಲು ಚಾಚಿದಳು, ಕೊನೆ ಸಿಗಲಿಲ್ಲ. ಬೆರಳ ತುದಿ ನೀಡಿದಳು, ಆಗಲೂ ಸಿಗಲಿಲ್ಲ.

"ಅಳತೆ ತಪ್ಪಾಗಿದೆ ಕ್ಲೈವ್. ನಾನು ಇಷ್ಟುದ್ದ ಇಲ್ಲ."

"ತಪ್ಪಾಗಿಲ್ಲ," ಎಂದ ಕ್ಲೈವ್.

ಟೆಸ್ ತಲೆಯೆತ್ತಿ ತನ್ನ ಪಾದದಾಚೆ ಉಳಿದಿದ್ದ ಖಾಲಿ ಹಲಗೆಗಳನ್ನು ನೋಡಿದಳು. ಅಲ್ಲಿಯವರೆಗೆ ಕಾಲು ಮುಟ್ಟಬೇಕಾದರೆ ಈ ಮನೆಯಲ್ಲಿ ಎಷ್ಟು ಹುಟ್ಟುಹಬ್ಬ ಆಗಬೇಕೋ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದಳು.