ಷಡ್ಡಕನ ಕಾರಿನ ಅರ್ಥಿಂಗ್

ಮೂರೇ ಮೂರು ವಿಡಿಯೊ ನೋಡಿ ಕಲಿತನಂತೆ. ಮೇಸ್ತ್ರಿಯ ನೆಮ್ಮದಿ ಕೆಡಿಸಿದ್ದು ಷಡ್ಡಕನ ಕಾರಲ್ಲ, ಕಾರಿನೊಳಗಿನ ಹಾಡಲ್ಲ, ಈ ಮೂರು ಅನ್ನುವ ಲೆಕ್ಕ. ಇಪ್ಪತ್ತೆಂಟು ವರ್ಷ ವಾಹನಗಳ ಹೊಟ್ಟೆಯೊಳಗೆ ತಲೆ ತೂರಿಸಿ, ಬೆರಳು ಸುಟ್ಟುಕೊಂಡು, ಗುರುವಿನ ಕೈಯಲ್ಲಿ ತಲೆ ಮೊಟಕಿಸಿಕೊಂಡು ಅವನು ಕಲಿತ ವೈರಿಂಗ್ ವಿದ್ಯೆಯನ್ನು, ಹೆಂಡತಿಯ ತಂಗಿಯ ಗಂಡನಾದ ಈ ಕನ್ನಡಕದ ಅಂಗಡಿಯವನು ಗಿರಾಕಿಗಳಿಲ್ಲದ ಹೊತ್ತಿನಲ್ಲಿ ಮೊಬೈಲ್ ನೋಡಿಕೊಂಡು ಕಲಿತುಬಿಟ್ಟಿದ್ದ. ಕಲಿತು ಸುಮ್ಮನಿದ್ದನೇ? ತನ್ನ ಕಾರಿಗೆ ದೊಡ್ಡದೊಂದು ಆಂಪ್ಲಿಫೈಯರ್ ಹಾಕಿ, ಡಿಕ್ಕಿಯಲ್ಲಿ ಬಾಣಲೆಯಷ್ಟು ಅಗಲದ ಸ್ಪೀಕರ್ ಕೂರಿಸಿ, ಮುಂದಿನ ಬ್ಯಾಟರಿಯಿಂದ ಹಿಂದಿನ ಡಿಕ್ಕಿಯವರೆಗೆ ತಾನೇ ವೈರ್ ಎಳೆದು, ನೆಂಟರಿಷ್ಟರಿಗೆಲ್ಲ ಹಾಡು ಕೇಳಿಸಿದ್ದ. ಮೇಸ್ತ್ರಿಯನ್ನು ಒಂದು ಮಾತೂ ಕೇಳಿರಲಿಲ್ಲ.

ಕೇಳದಿದ್ದರೆ ಹೋಗಲಿ, ಕತ್ತೆ ಬಾಲ ಎಂದುಕೊಂಡು ಬಿಡಬಹುದಿತ್ತು. ಆದರೆ ಸುದ್ದಿ ಮಾವನ ಕಿವಿಗೆ ಬಿತ್ತು. ಮಾವನಿಗೆ ಎಂಟು ಪ್ರವಾಸಿ ವ್ಯಾನುಗಳಿದ್ದವು. ಮೊದಲನೇ ವ್ಯಾನಿನ ಮೊದಲನೇ ಬಲ್ಬಿನಿಂದ ಹಿಡಿದು ಇವತ್ತಿನವರೆಗೆ ಅವುಗಳ ಕರೆಂಟಿನ ಕೆಲಸವೆಲ್ಲ ದೊಡ್ಡ ಅಳಿಯನಾದ ಮೇಸ್ತ್ರಿಯದೇ. ಈಗ ಎಂಟಕ್ಕೂ ಹೊಸ ಹಾಡಿನ ಸೆಟ್ಟು, ಅದಕ್ಕೊಂದು ಹೆಚ್ಚಿನ ಬ್ಯಾಟರಿ ಹಾಕಿಸಲು ಮಾವ ಹೊರಟಿದ್ದರು. ಹೋದ ವಾರ ಫೋನ್ ಮಾಡಿ ಹೇಳಿದರು.

"ಭಾನುವಾರ ಎಲ್ಲರೂ ಊಟಕ್ಕೆ ಬಂದುಬಿಡಿ ಅಳಿಯಂದ್ರೆ. ನಾಲ್ಕು ಗಂಟೆಗೆ ಚಿಕ್ಕೋರ ಕಾರಲ್ಲಿ ಹಾಡು ಕೇಳೋಣ. ಚೆನ್ನಾಗಿದ್ರೆ ವ್ಯಾನಿನ ಕೆಲಸ ಅವರೇ ಮಾಡ್ಲಿ. ನಿಮಗೂ ವಯಸ್ಸಾಯ್ತು, ಸೀಟಿನ ಕೆಳಗೆ ಎಷ್ಟು ದಿನಾಂತ ನುಸುಳ್ತೀರಿ."

ವಯಸ್ಸಂತೆ. ಅವನಿಗಿನ್ನೂ ನಲವತ್ತೊಂಬತ್ತು. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ ಎಂದು ಮೇಸ್ತ್ರಿ ಫೋನ್ ಕೆಳಗಿಟ್ಟ. ಎಂಟು ವ್ಯಾನು ಕೈತಪ್ಪಿದರೆ ಅವನ ಅಂಗಡಿಯ ಮುಂದೆ ನಿಲ್ಲುವುದು ಹಾರ್ನ್ ಕೆಟ್ಟ ನಾಲ್ಕು ಸ್ಕೂಟರು ಮಾತ್ರ. ಅದನ್ನಾದರೂ ಸಹಿಸಬಹುದು. ಮಾವನ ಮನೆಯಲ್ಲಿ ಫ್ಯಾನ್ ತಿರುಗದಿದ್ದರೂ, ಬಾಗಿಲ ಬೆಲ್ ಕೂಗದಿದ್ದರೂ, 'ದೊಡ್ಡ ಅಳಿಯಂದ್ರನ್ನ ಕರೀರಿ' ಅನ್ನುವ ಒಂದು ಮಾತಿತ್ತಲ್ಲ, ಆ ಮಾತು ಹೋಗುತ್ತದೆ. ಅದು ಹೋದ ಮೇಲೆ ತಾನು ಆ ಮನೆಗೆ ಬರೀ ಊಟಕ್ಕೆ ಬರುವ ಮನುಷ್ಯ. 

ಆದ್ದರಿಂದ ಷಡ್ಡಕನ ಹಾಡು ಭಾನುವಾರ ನಾಲ್ಕು ಗಂಟೆಗೆ, ಎಲ್ಲರ ಕಣ್ಣೆದುರು, ನಿಲ್ಲಬೇಕಾಗಿತ್ತು.

ಹೇಗೆ ಎನ್ನುವುದಕ್ಕೆ ಮೇಸ್ತ್ರಿ ಎರಡು ದಿನ ತಲೆ ಖರ್ಚು ಮಾಡಿದ. ಫ್ಯೂಸ್ ಕಿತ್ತಿಡುವುದು ಪಡ್ಡೆಗಳ ಕೆಲಸ, ತೆರೆದು ನೋಡಿದ ತಕ್ಷಣ ಗೊತ್ತಾಗುತ್ತದೆ. ಬ್ಯಾಟರಿ ಖಾಲಿ ಮಾಡೋಣವೆಂದರೆ ಒಂದು ಮಧ್ಯಾಹ್ನ ಸಾಲದು. ವೈರ್ ಸುಲಿದು ತಗಡಿಗೆ ತಾಗಿಸಿದರೆ ಕೆಲಸವೇನೋ ಆಗುತ್ತದೆ, ಆದರೆ ಕಾರಿಗೇ ಬೆಂಕಿ ಹತ್ತಬಹುದು. ನಾದಿನಿ ಕೂರುವ ಕಾರು. ಅವನು ಕೆಟ್ಟವನಾಗಲು ಹೊರಟಿದ್ದನೇ ಹೊರತು ಪಾಪಿಯಾಗಲು ಅಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಮೂರನೇ ದಿನ ಹಲ್ಲುಜ್ಜುವಾಗ ಹೊಳೆಯಿತು. ಅರ್ಥಿಂಗ್.

ಕಾರಿನಲ್ಲಿ ಪಾಸಿಟಿವ್‌ಗೆ ಮಾತ್ರ ಉದ್ದದ ವೈರ್ ಎಳೆಯುತ್ತಾರೆ, ನೆಗೆಟಿವ್‌ಗೆ ಕಾರಿನ ಮೈಯೇ ದಾರಿ. ಆಂಪ್ಲಿಫೈಯರಿನ ಕಪ್ಪು ವೈರನ್ನು ಡಿಕ್ಕಿಯ ತಗಡಿಗೆ ಇಟ್ಟು ಬೋಲ್ಟ್ ಬಿಗಿದರಾಯಿತು, ಅದೇ ಅರ್ಥಿಂಗ್. ಆದರೆ ಬಿಗಿಯುವ ಮೊದಲು ಅಲ್ಲಿನ ಬಣ್ಣವನ್ನು ಉಪ್ಪುಕಾಗದದಲ್ಲಿ ಉಜ್ಜಿ ತಗಡು ಫಳಫಳ ಅನ್ನುವಂತೆ ಮಾಡಬೇಕು. ಹೊಸಬರು ಮರೆಯುವುದು ಇದನ್ನೇ. ಬಣ್ಣದ ಮೇಲೆ ಬಿಗಿದರೂ ಬೋಲ್ಟಿನ ಸಂದಿಯಲ್ಲಿ ಅಷ್ಟಿಷ್ಟು ಕರೆಂಟ್ ಹರಿಯುತ್ತದೆ, ಸಣ್ಣ ಸದ್ದಿಗೆ ಅದೇ ಸಾಕು. ಸದ್ದು ಏರಿಸಿದಾಗ ಮಾತ್ರ ಆಂಪ್ಲಿಫೈಯರ್ ಕೆಂಪು ದೀಪ ಹೊತ್ತಿಸಿ ಮುಷ್ಕರ ಹೂಡುತ್ತದೆ. ಷಡ್ಡಕ ಉಜ್ಜಿರಲಿ, ಬಿಡಲಿ, ಆ ಜಾಗಕ್ಕೆ ಬಣ್ಣವಿಲ್ಲದ ನೇಲ್ ಪಾಲಿಶನ್ನು ಎರಡು ಸಲ ಬಳಿದು ಮತ್ತೆ ಬೋಲ್ಟ್ ಬಿಗಿದರೆ ಮುಗಿಯಿತು. ಕಣ್ಣಿಗೆ ಕಾಣುವುದಿಲ್ಲ, ಯಾವುದೂ ಮುರಿದಿಲ್ಲ, ಯಾವುದೂ ಕಳೆದಿಲ್ಲ. ಮೂರು ವಿಡಿಯೊ ನೋಡಿದವನು ಮಾಡುವ ತಪ್ಪೇ ಅಲ್ಲಿರುತ್ತದೆ. ಆಮೇಲೆ ತಾನು ಮುಂದೆ ಬಂದು, ಒಂದೇ ನಿಮಿಷದಲ್ಲಿ ರೋಗ ಹಿಡಿದು, ಎಲ್ಲರೆದುರು ಗುಣಪಡಿಸುವುದು. ಮಗುವನ್ನು ಚಿವುಟುವವನೂ ತಾನೇ, ತೊಟ್ಟಿಲು ತೂಗುವವನೂ ತಾನೇ.

ಅಂಗಡಿಯ ಮೂಲೆಯಲ್ಲಿದ್ದ ಹಳೇ ಡಿಕ್ಕಿ ಬಾಗಿಲೊಂದರ ಮೇಲೆ ಅವನು ಮೂರು ಸಲ ಅಭ್ಯಾಸ ಮಾಡಿದ. ಮೂರು ವಿಡಿಯೊಗೆ ಮೂರು ಅಭ್ಯಾಸ, ಸರಿಹೋಯಿತು. ಎಷ್ಟು ಹೊತ್ತಿಗೆ ಒಣಗುತ್ತದೆ ಎಂದು ನೋಡಿದ. ಭಾನುವಾರ ಸಾಯಂಕಾಲ ಹೇಳಬೇಕಾದ ಮಾತನ್ನೂ ಕನ್ನಡಿಯ ಮುಂದೆ ನಿಂತು ಹದ ಮಾಡಿದ. "ಪರವಾಗಿಲ್ಲ ಬಿಡಿ, ಹೊಸಬರು ಎಲ್ಲರೂ ಮಾಡೋ ತಪ್ಪೇ." ಮೊದಲ ಸಲ ದನಿಯಲ್ಲಿ ಗೆಲುವು ಜಾಸ್ತಿಯಾಯಿತು. ಎರಡನೇ ಸಲ ಕನಿಕರ ಸರಿಯಾಗಿ ಬಂತು. ಮನೆಯಲ್ಲಿ ಒಂದೇ ಒಂದು ಅಡಚಣೆ ಎದುರಾಯಿತು.

"ನನ್ನ ನೇಲ್ ಪಾಲಿಶ್ ನೋಡಿದ್ರೇನ್ರೀ?" ಎಂದಳು ಹೆಂಡತಿ.

"ನನಗೇನೇ ಕೆಲಸ ಅದರ ಹತ್ರ?"

"ಅದಕ್ಕೇ ಕೇಳ್ತಿರೋದು. ನಿಮ್ಮ ಅಂಗಿ ಜೇಬು ಅದರ ವಾಸನೆ ಹೊಡೀತಿದೆ."

"ಅದು ಬಣ್ಣಕ್ಕೆ ಹಾಕೋ ಥಿನ್ನರ್," ಎಂದ ಮೇಸ್ತ್ರಿ. ಇಪ್ಪತ್ತೆಂಟು ವರ್ಷದ ಕಸುಬು ಇಂಥ ಕಡೆ ಕೈಹಿಡಿಯುತ್ತದೆ.

ಭಾನುವಾರ ಊಟಕ್ಕೆ ಕೂತಾಗ ಷಡ್ಡಕ ಪಕ್ಕಕ್ಕೇ ಬಂದು ಕೂತ. ಅವನ ವಿನಯ ನೋಡಿದರೆ ಹೊಟ್ಟೆ ಇನ್ನಷ್ಟು ಉರಿಯುವಂತಿತ್ತು.

"ಅಣ್ಣ, ನಾಲ್ಕು ಗಂಟೆಗೆ ಮುಂಚೆ ನೀವೊಂದ್ಸಲ ನೋಡಿಬಿಟ್ರೆ ನನಗೆ ಧೈರ್ಯ. ಏನಾದ್ರೂ ತಪ್ಪಿದ್ರೆ ಬೈದು ಹೇಳಿ."

"ನಾನೇನು ನೋಡೋದು ಬಿಡಿ. ನೀವೇ ಎಲ್ಲಾ ಕಲ್ತಿದೀರಲ್ಲ," ಎಂದ ಮೇಸ್ತ್ರಿ, ಇನ್ನೊಂದು ಸ್ವಲ್ಪ ಅನ್ನ ಹಾಕಿಸಿಕೊಳ್ಳುತ್ತಾ. ಹೊಟ್ಟೆ ತುಂಬ ಉಂಡವನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ ಎಂದು ಅವನು ಲೆಕ್ಕ ಹಾಕಿದ್ದ.

ಊಟ ಮುಗಿಯಿತು. ಹೆಂಗಸರು ಒಳಕೋಣೆ ಸೇರಿ ಬಾಗಿಲು ಮುಂದೆ ಮಾಡಿಕೊಂಡರು. ಷಡ್ಡಕ ಮಾಳಿಗೆಯ ಕೋಣೆಗೆ ಹೋದ. ಮಾವ ನಡುಮನೆಯಲ್ಲಿ ಚಾಪೆ ಹಾಸಿ ಮಲಗಿದರು, ಮೇಸ್ತ್ರಿ ಅವರ ಪಕ್ಕದಲ್ಲೇ ಇನ್ನೊಂದು ಚಾಪೆ ಹಾಸಿಕೊಂಡ. ಇದಕ್ಕಿಂತ ಒಳ್ಳೆ ಸಾಕ್ಷಿ ಎಲ್ಲಿ ಸಿಕ್ಕೀತು? ಮಾವನ ಗೊರಕೆ ಮೊದಲನೇ ಗೇರು ದಾಟಿ, ಎರಡನೆಯದು ದಾಟಿ, ಟಾಪ್ ಗೇರಿಗೆ ಬಿದ್ದು ಒಂದೇ ಸಮನೆ ಓಡತೊಡಗಿದ ಮೇಲೆ ಅವನು ಎದ್ದ. ಚಪ್ಪಲಿ ಹಾಕಿಕೊಳ್ಳಲಿಲ್ಲ.

ಕಾರು ಹಿತ್ತಲಿನ ತಗಡಿನ ಚಪ್ಪರದ ಕೆಳಗಿತ್ತು. ಮಾವನ ಕಾಂಪೌಂಡಿನೊಳಗೆ ಕಳ್ಳರೆಲ್ಲಿಂದ ಬರಬೇಕೆಂದು ಷಡ್ಡಕ ಬಾಗಿಲಿಗೆ ಬೀಗವನ್ನೂ ಹಾಕಿರಲಿಲ್ಲ. ಮೇಸ್ತ್ರಿ ಬಾನೆಟ್ ಎತ್ತಿದ, ಜೇಬಿನಿಂದ ಹತ್ತನೇ ನಂಬರಿನ ಸ್ಪಾನರ್ ತೆಗೆದ, ಬ್ಯಾಟರಿಯ ನೆಗೆಟಿವ್ ಬಿಚ್ಚಿ ಪಕ್ಕಕ್ಕೆ ಮಡಿಸಿದ. ಇದು ಯೋಜನೆಯಲ್ಲಿ ಇರಲಿಲ್ಲ, ಇರುವ ಅಗತ್ಯವೂ ಇರಲಿಲ್ಲ. ಊಟಕ್ಕೆ ಮುಂಚೆ ಕೈ ತೊಳೆಯುವುದನ್ನು ಯಾರಾದರೂ ಯೋಜನೆ ಹಾಕಿ ಮಾಡುತ್ತಾರೆಯೇ? ಆಮೇಲೆ ಡಿಕ್ಕಿ ತೆರೆದು ಒಳಗೆ ತಲೆ ಹಾಕಿದ.

ಷಡ್ಡಕನ ಕೆಲಸವನ್ನು ಅವನು ಮೊದಲ ಸಲ ನೋಡುತ್ತಿದ್ದ. ತಪ್ಪು ಹುಡುಕಿದ. ಹಾಡಿನ ವೈರು ಒಂದು ಬದಿಗೆ, ಕರೆಂಟಿನ ವೈರು ಇನ್ನೊಂದು ಬದಿಗೆ, ಒಂದಕ್ಕೊಂದು ಸೋಕದ ಹಾಗೆ ಎಳೆದಿದ್ದ. ವೈರಿನ ದಪ್ಪ ಸರಿಯಾಗಿತ್ತು. ಅರ್ಥಿಂಗ್ ಬೋಲ್ಟ್ ಬಿಚ್ಚಿ ನೋಡಿದರೆ, ಕೆಳಗಿನ ತಗಡನ್ನು ಕನ್ನಡಕದ ಗಾಜು ಒರೆಸಿದಷ್ಟು ಶ್ರದ್ಧೆಯಿಂದ ಉಜ್ಜಿದ್ದ. ತನ್ನ ಕೈಕೆಳಗೆ ಕಲಿತವನು ಯಾರಾದರೂ ಇಂಥ ಕೆಲಸ ಮಾಡಿದ್ದರೆ ಮೇಸ್ತ್ರಿ ಬೆನ್ನು ತಟ್ಟುತ್ತಿದ್ದ. ಈಗ ಹಲ್ಲು ಕಚ್ಚಿ ನೇಲ್ ಪಾಲಿಶ್ ಮುಚ್ಚಳ ತಿರುಗಿಸಿದ.

ಒಂದು ಸಲ ಬಳಿದ, ಬಾಯಿಂದ ಊದಿದ, ಇನ್ನೊಂದು ಸಲ ಬಳಿದ. ಒಣಗುವವರೆಗೆ ಸುಮ್ಮನೆ ಕೂರುವುದು ಅವನಿಂದಾಗದ ಕೆಲಸ. ವೈರುಗಳನ್ನು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿಯೊಂದರ ಬಾಲ ಉದ್ದವಾಗಿ ಚಾಚಿಕೊಂಡಿತ್ತು. ಅದು ಕಣ್ಣಿಗೆ ಚುಚ್ಚಿತು. ಕಟಿಂಗ್ ಪ್ಲೇಯರಿನಿಂದ ಒಪ್ಪವಾಗಿ ಕತ್ತರಿಸಿ, ಚೂರನ್ನು ಜೇಬಿಗೆ ಹಾಕಿಕೊಂಡ. ಶತ್ರುವಿನ ಕಾರಾದರೇನು, ವೈರಿಂಗ್ ವೈರಿಂಗೇ. ಬೋಲ್ಟನ್ನು ಹದವಾಗಿ ಬಿಗಿದು, ಮುಂದಕ್ಕೆ ಬಂದು, ನೆಗೆಟಿವ್ ಮತ್ತೆ ಹಾಕಿ, ಬಾನೆಟನ್ನು ಎರಡೂ ಅಂಗೈಯಿಂದ ಒತ್ತಿ ಸದ್ದಿಲ್ಲದೆ ಮುಚ್ಚಿದ. ಮುಟ್ಟಿದ ಕಡೆಯೆಲ್ಲ ಟವೆಲಿನಿಂದ ಒರೆಸಿದ. ಚಾಪೆಗೆ ವಾಪಸಾದಾಗ ಮಾವ ಇನ್ನೂ ಟಾಪ್ ಗೇರಿನಲ್ಲೇ ಇದ್ದರು. ಕಣ್ಣು ಮುಚ್ಚಿ ನಟಿಸೋಣವೆಂದು ಮಲಗಿದವನಿಗೆ ನಿಜವಾಗಿಯೇ ನಿದ್ದೆ ಹತ್ತಿತು. ಚಹಾ ತಂದ ಹೆಂಡತಿ ಅವನನ್ನು ಎರಡು ಸಲ ಅಲುಗಿಸಬೇಕಾಯಿತು.

ನಾಲ್ಕು ಗಂಟೆಗೆ ಎಲ್ಲರೂ ಚಪ್ಪರದ ಕೆಳಗೆ ಸೇರಿದರು. ಮಾವನಿಗೆ ಕುರ್ಚಿ ಹಾಕಿದರು. ಷಡ್ಡಕ ಕಾರೊಳಗೆ ಕೂತು, ಕೀಲಿ ತಿರುಗಿಸಿ, ಹಾಡು ಹಾಕಿದ. ಸಣ್ಣ ಸದ್ದಿನಲ್ಲಿ ಅದು ಜೇನಿನ ಹಾಗೆ ಹರಿಯಿತು. ಮಾವ ಕಣ್ಣು ಮುಚ್ಚಿ ತಲೆ ಆಡಿಸಿದರು. ಒಂದು ಹಾಡಾಯಿತು, ಎರಡಾಯಿತು. ಮೇಸ್ತ್ರಿಗೆ ಅವಸರವಿರಲಿಲ್ಲ.

"ಚೆನ್ನಾಗಿದೆ. ಸ್ವಲ್ಪ ಜೋರು ಮಾಡಿ ನೋಡೋಣ. ವ್ಯಾನಲ್ಲಿ ಹಿಂದಿನ ಸೀಟಿಗೂ ಕೇಳಬೇಕಲ್ಲ," ಎಂದರು ಮಾವ.

ಷಡ್ಡಕ ಜೋರು ಮಾಡಿದ. ಡಿಕ್ಕಿಯಿಂದ ಒಂದು ಗುಡುಗು ಬಂತು, ಇನ್ನೊಂದು ಅರ್ಧ ಬಂತು, ನಿಂತಿತು. ಕೆಂಪು ದೀಪ. ಸಣ್ಣದು ಮಾಡಿ ಮತ್ತೆ ಹಾಕಿದ, ಹಾಡಿತು. ಜೋರು ಮಾಡಿದ, ನಿಂತಿತು. ಮೂರನೇ ಸಲ ನಿಂತಾಗ ಅವನ ಮುಖ ನೋಡಿ ಮೇಸ್ತ್ರಿಗೆ ಒಳಗೆಲ್ಲೋ ಮುಳ್ಳು ಚುಚ್ಚಿದಂತಾಯಿತು. ಪಾಪ ಅನಿಸಿತು. ಆ ಪಾಪ ಕಳೆಯಲೆಂದು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸಿ, ಆಮೇಲೆ ಬಾಯಿಬಿಟ್ಟ.

"ಅರ್ಥಿಂಗ್ ಹಿಡಿದಿಲ್ಲ. ಬಣ್ಣದ ಮೇಲೆ ಬೋಲ್ಟ್ ಕೂತಿರುತ್ತೆ."

"ಉಜ್ಜಿದ್ದೆ ಅಣ್ಣ," ಎಂದ ಷಡ್ಡಕ.

"ಉಜ್ಜಿರ್ತೀರಿ. ಸಾಲೋದಿಲ್ಲ. ಪರವಾಗಿಲ್ಲ ಬಿಡಿ, ಹೊಸಬರು ಎಲ್ಲರೂ ಮಾಡೋ ತಪ್ಪೇ." ಕನಿಕರ ಕನ್ನಡಿಯ ಮುಂದೆ ಬಂದದ್ದಕ್ಕಿಂತ ಚೆನ್ನಾಗಿ ಬಂತು.

ಮಾವ ಕುರ್ಚಿಯಿಂದ ಎದ್ದರು. "ಕಲಿತ ಕೈ ಕಲಿತ ಕೈಯೇ ಕಣ್ರೀ. ನಿಂತಲ್ಲೇ ಹೇಳಿಬಿಟ್ರು. ವ್ಯಾನಿನ ಕೆಲಸ ನೀವೇ ನೋಡ್ಕೊಳ್ಳಿ ಅಳಿಯಂದ್ರೆ. ಈಗ ಇದನ್ನೊಂದು ಸರಿ ಮಾಡಿಕೊಡಿ." ಹೆಂಡತಿ ತನ್ನ ಕಡೆ ನೋಡಿದ ನೋಟದಲ್ಲಿ ಮದುವೆಯಾದ ಹೊಸತರ ಹೆಮ್ಮೆಯಿತ್ತು. ಮೇಸ್ತ್ರಿಗೆ ಎದೆ ತುಂಬಿ ಬಂತು. ಇಷ್ಟು ಜನ ಕೇಳುವುದಕ್ಕೆ ನಿಂತಿರುವಾಗ ಎರಡು ಮಾತು ಹೇಳದಿರುವುದು ಹೇಗೆ? ಸ್ಪಾನರ್ ತೆಗೆದು ಬಾನೆಟ್ ಎತ್ತಿದ.

"ನೋಡಿ, ಇದು ಯಾವ ವಿಡಿಯೊದಲ್ಲೂ ಸರಿಯಾಗಿ ಹೇಳೋದಿಲ್ಲ. ಕಾರಲ್ಲಿ ಯಾವ ವೈರ್ ಮುಟ್ಟೋದಾದ್ರೂ ಮೊದಲು ಬ್ಯಾಟರಿ ನೆಗೆಟಿವ್ ಬಿಚ್ಚಬೇಕು. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಂದೇ ಒಂದು ದಿನ ಇದನ್ನ ತಪ್ಪಿಸಿಲ್ಲ."

"ಬಿಚ್ಚಿ ಅಣ್ಣ, ಆದ್ರೆ ಆಮೇಲೆ ಗಡಿಯಾರ ಮತ್ತೆ ತಿದ್ದಬೇಕು," ಎಂದ ಷಡ್ಡಕ, ಸೋತ ದನಿಯಲ್ಲಿ, ಸ್ಟೀರಿಂಗಿನ ಹಿಂದೆ ಬಗ್ಗಿ. "ನೆಗೆಟಿವ್ ತೆಗೆದ್ರೆ ಈ ಕಾರಿನ ಗಡಿಯಾರ ಸತ್ತು, ಮತ್ತೆ ಹಾಕಿದ ಕ್ಷಣಕ್ಕೆ ಹನ್ನೆರಡರಿಂದ ಶುರುಮಾಡುತ್ತೆ. ವೈರಿಂಗ್ ಮಾಡಿದ ದಿನ ಹಾಗೇ ಆಗಿತ್ತು." ಅಷ್ಟು ಹೇಳಿ ಅವನು ಕನ್ನಡಕ ಸರಿಮಾಡಿಕೊಂಡು ಇನ್ನೊಮ್ಮೆ ನೋಡಿದ. "ಇದೇನಿದು, ಎರಡು ಇಪ್ಪತ್ತು ತೋರಿಸ್ತಿದೆ? ಬೆಳಿಗ್ಗೆ ಬರುವಾಗ ಸರಿಯಾಗೇ ಇತ್ತಲ್ಲ." ಇಪ್ಪತ್ತು ವರ್ಷ ಗಡಿಯಾರ ನೋಡಿಕೊಂಡೇ ವ್ಯಾನು ಓಡಿಸಿದ ಮಾವ ತಮ್ಮ ಕೈಗಡಿಯಾರ ನೋಡಿದರು. "ಈಗ ನಾಲ್ಕು ಇಪ್ಪತ್ತೈದು. ಅದರಲ್ಲಿ ಎರಡು ಗಂಟೆ ಇಪ್ಪತ್ತು ನಿಮಿಷ ಕಳೆದ್ರೆ ಎರಡು ಐದು. ನಾವೆಲ್ಲ ಮಲಗಿದ್ದಾಗ ಯಾರೋ ನೆಗೆಟಿವ್ ಬಿಚ್ಚಿ ಮತ್ತೆ ಹಾಕಿದಾರೆ," ಎಂದು ಅವರು ನಿಧಾನವಾಗಿ ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ದಾಟಿಕೊಂಡು ಬಂದು, ಬ್ಯಾಟರಿಯ ಮೇಲೆ ಸ್ಪಾನರ್ ಇಟ್ಟುಕೊಂಡು ನಿಂತಿದ್ದ ದೊಡ್ಡ ಅಳಿಯನ ಹತ್ತಿರ ನಿಂತರು. "ಅಳಿಯಂದ್ರೆ, ಯಾವ ವೈರ್ ಮುಟ್ಟೋದಾದ್ರೂ ಮೊದಲು ಏನು ಮಾಡಬೇಕು ಅಂದ್ರಿ? ಇನ್ನೊಂದ್ಸಲ ಹೇಳಿ."