ಭತ್ತದ ಹೊಟ್ಟಿನ ಬೈಗುಳ

ಡಿಸೆಂಬರ್ ಎರಡನೆಯ ಸೋಮವಾರ ಬೆಳಿಗ್ಗೆ ಸಿಂಧನೂರು ಠಾಣೆಗೆ ಬಂದ ನಾಗವೇಣಿ, ಚೀಲದಿಂದ ಲ್ಯಾಪ್‌ಟಾಪ್ ತೆಗೆದು ಇನ್‌ಸ್ಪೆಕ್ಟರ್ ರೇಣುಕಾದೇವಿಯ ಮೇಜಿನ ಮೇಲಿಟ್ಟಳು. ಗೊರೇಬಾಳ ಹಳ್ಳಿಯ ಈಕೆ ಪಟ್ಟಣದ ಖಾಸಗಿ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ.

“ಇದು ತಾನಾಗೇ ಟೈಪ್ ಮಾಡ್ತೈತ್ರಿ ಮೇಡಂ.”

ಪಕ್ಕದಲ್ಲಿದ್ದ ಪೇದೆ ಹಫೀಜ್ ಕಿಸಕ್ಕನೆ ನಕ್ಕ. ರೇಣುಕಾದೇವಿ ಅವನನ್ನು ದುರುಗುಟ್ಟಿ ನೋಡಿದಳು. ನಗು ನಿಂತಿತು.

ಎರಡು ವಾರದಿಂದ ಪರದೆಯ ಮೇಲೆ ಅಕ್ಷರಗಳು ತಾವಾಗಿಯೇ ಬೀಳುತ್ತಿದ್ದವು. ಶನಿವಾರ ಪಾಲಕರ ಸಭೆಯಲ್ಲಿ ಲ್ಯಾಪ್‌ಟಾಪನ್ನು ದೊಡ್ಡ ಪರದೆಗೆ ಜೋಡಿಸಿದ್ದಾಗ, ಶಾಲೆಯ ಕಾರ್ಯದರ್ಶಿ ಮಾಳಿಂಗರಾಯರ ತಾಯಿಯನ್ನೂ ಸೇರಿಸಿ ಹೊಲಸು ಬೈಗುಳ ಮೂಡಿತು. ಯಾರೋ ವಿಡಿಯೊ ಮಾಡಿದರು. ಸಂಜೆಯೊಳಗೆ ಅದು ಗೊರೇಬಾಳದ ಮನೆಮನೆ ಸುತ್ತಿತು. ಬರುವ ಶನಿವಾರ ಆಡಳಿತ ಮಂಡಳಿ ಅವಳನ್ನು ಕೆಲಸದಿಂದ ತೆಗೆಯಲಿತ್ತು.

“ಹೊಲಸು ಬಾಯಿ ಟೀಚರ್ ಅಂತ ಹೆಸರು ಬಂದೈತ್ರಿ. ಬ್ಯಾರೆ ಸಾಲಿಯವರೂ ಒಳಗ ಬಿಡಂಗಿಲ್ಲ.”

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಶಾಲೆಯಲ್ಲಿ ಮಾಳಿಂಗರಾಯ ಕುರ್ಚಿಯಿಂದ ಏಳಲೂ ಇಲ್ಲ.

“ಲ್ಯಾಪ್‌ಟಾಪ್ ಬೈತೈತೇನ್ರಿ? ಬೈದಾಕಿ ಆಕಿ. ಈಗ ದೆವ್ವದ ಮ್ಯಾಲ ಹಾಕಾಕತ್ತಾಳ.”

ರೇಣುಕಾದೇವಿಗೆ ಮೈಯೆಲ್ಲ ಉರಿಯಿತು. “ವಿಡಿಯೊ ನೋಡೀರಿಲ್ಲ? ಒಂದು ಕೈಯಾಗ ಮೈಕ್ ಐತಿ, ಇನ್ನೊಂದು ಕೈಲೆ ಪರದೆ ತೋರಸಾಕತ್ತಾಳ. ಆಕಿಗೆ ಎಷ್ಟು ಕೈರಿ?”

ಊರಿಗೆ ಊರೇ ಆ ವಿಡಿಯೊ ನೋಡಿತ್ತು. ಬೈಗುಳ ಓದಿ ಚಪ್ಪರಿಸಿದ ಒಬ್ಬರಿಗಾದರೂ ಅವಳ ಕೈ ಕಂಡಿರಲಿಲ್ಲ.

ಶಾಲೆಯ ಕಂಪ್ಯೂಟರ್ ಶಿಕ್ಷಕ ಕನಕರಾಜ ಮೆತ್ತಗೆ ಬಾಯಿ ಬಿಟ್ಟ. “ಲ್ಯಾಪ್‌ಟಾಪಿನೊಳಗ ಹೊಟ್ಟು ಸೇರೈತ್ರಿ ಮೇಡಂ. ಗೊರೇಬಾಳದಾಗ ಭತ್ತದ ರಾಶಿ ನಡದೈತಲ್ಲ.”

ರಾಶಿಯ, ಅಂದರೆ ಒಕ್ಕಣೆಯ ಕಾಲದಲ್ಲಿ ಈ ಸೀಮೆಯಲ್ಲಿ ಮೊಬೈಲ್ ಕೆಡಲಿ, ಮಿಕ್ಸರ್ ಕೆಡಲಿ, ಮೊದಲ ಮಾತು ಅದೇ. ಮೊದಲ ಮದ್ದು ಪಂಕ್ಚರ್ ಅಂಗಡಿಯ ಗಾಳಿ. ಹಫೀಜ್ ಲ್ಯಾಪ್‌ಟಾಪಿಗೆ ಗಾಳಿ ಹೊಡೆಸಿದ. ನಿಜಕ್ಕೂ ಒಂದು ಚಿಟಿಕೆ ಹೊಟ್ಟು ಹಾರಿತು. ಆಮೇಲೆ ಬುಧವಾರದವರೆಗೆ ಠಾಣೆಯಲ್ಲಿ ಒಂದಕ್ಷರವೂ ಬೀಳಲಿಲ್ಲ.

“ಕೇಸ್ ಮುಗೀತ್ರಿ ಮೇಡಂ,” ಎಂದ ಹಫೀಜ್.

“ಹೊಟ್ಟು ಸಿಕ್ಕೊಂಡ್ರ ಒಂದ ಅಕ್ಷರ ಹತ್ತು ಸಲ ಬೀಳ್ತೈತಲೇ. ಅವ್ವನ ಹಿಡದು ಬೈಯಾಕ ಹೊಟ್ಟಿಗೆ ಯಾರು ಕಲಿಸ್ಯಾರ?”



ಲ್ಯಾಪ್‌ಟಾಪ್ ಸರಿಯಾಯಿತೆಂದು ರೇಣುಕಾದೇವಿ ಶಾಲೆಗೆಲ್ಲ ತಿಳಿಯುವಂತೆ ಹೇಳಿಸಿದಳು. ಯಂತ್ರ ಸರಿಯಿದ್ದರೆ ಮನುಷ್ಯನನ್ನು ಹುಡುಕುತ್ತಾರೆ. ತಪ್ಪು ಮಾಡಿದವನು ಅದನ್ನು ಮತ್ತೆ ಕೆಡಿಸದೆ ಇರಲಾರ ಎಂಬುದು ಅವಳ ಲೆಕ್ಕ. ಗುರುವಾರ ಸಾಕ್ಷಿಗೆ ಕರೆತಂದ ಇಬ್ಬರು ಪಂಚರ ಎದುರು ಹಫೀಜ್ ಕೀಬೋರ್ಡಿನ ಒಳತಂತಿಯನ್ನೇ ಕಳಚಿದ. ನಾಗವೇಣಿ ಎಂದಿನಂತೆ ಪಾಠಕ್ಕೆ ನಿಂತಳು. ಪಂಚರೊಂದಿಗೆ ರೇಣುಕಾದೇವಿ, ಹಫೀಜ್ ಮಫ್ತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತರು.

ಪಾಠ ಅರ್ಧಕ್ಕೆ ಬಂದಾಗ ಅಕ್ಷರಗಳು ಬೀಳತೊಡಗಿದವು. ತಂತಿ ಕಳಚಿದ ಕೀಬೋರ್ಡು! ಹಫೀಜ್ ಓಡಿಹೋಗಿ ಇಂಟರ್ನೆಟ್ ಕಡಿದ. ನಿಲ್ಲಲಿಲ್ಲ. ಲ್ಯಾಪ್‌ಟಾಪಿನ ಪಕ್ಕದಲ್ಲಿ ಚುಚ್ಚಿದ್ದ, ನಿಸ್ತಂತು ಮೌಸಿನ ಸಂಕೇತ ಹಿಡಿಯುವ ಉಗುರಿನಷ್ಟು ಚೂರನ್ನು ಕಿತ್ತ. ನಿಂತಿತು.

“ಈ ಮೌಸ್ ಎಲ್ಲೀದು?”

“ಹಳೇದು ಕೆಟ್ಟಿತ್ರಿ. ಕನಕರಾಜ ಸರ್ ಲಿಂಗಸುಗೂರಿಂದ ತಂದುಕೊಟ್ಟಾರ.”

ಹಫೀಜ್ ಮೌಸ್ ಹಿಡಿದು ಅಲ್ಲಿಂದಲೇ ಲಿಂಗಸುಗೂರಿಗೆ ಹೋದ. ಕಂಪ್ಯೂಟರ್ ಅಂಗಡಿಯ ಜಿಲಾನಿಸಾಬ್ ಮೌಸನ್ನು ತಿರುಗಿಸಿ ನೋಡಿ ಹೇಳಿದ: “ಇದು ಒಂಟಿ ಬರಂಗಿಲ್ಲ. ಕೀಬೋರ್ಡ್ ಜೋಡಿನ ಬರ್ತೈತಿ. ಎರಡಕ್ಕೂ ಇದೊಂದ ಚೂರು. ಹತ್ತಿಪ್ಪತ್ತು ಹೆಜ್ಜಿಯೊಳಗ ಇದ್ರಷ್ಟ ನಡೀತೈತಿ, ದೂರ ಹೋದ್ರ ಇಲ್ಲ. ಆ ಸಾಲಿ ಕಂಪ್ಯೂಟರ್ ಮಾಸ್ತರ ಜೋಡಿನ ಒಯ್ದಾನ.”

ತರಗತಿಗೂ ಕಂಪ್ಯೂಟರ್ ಕೋಣೆಗೂ ನಡುವೆ ಇದ್ದದ್ದು ಒಂದೇ ಗೋಡೆ, ಅದರಲ್ಲೊಂದು ಕಿಟಕಿ. ಕನಕರಾಜನ ಕಪಾಟಿನಲ್ಲಿ ಆ ಜೋಡಿಯ ಕೀಬೋರ್ಡ್ ಸಿಕ್ಕಿತು. ಪಂಚನಾಮೆ ಬರೆದು ಜಪ್ತಿ ಮಾಡಿದರು. ಸಂಜೆ ಮಸ್ಕಿಯ ಮನೆಯಲ್ಲಿ ಅವನನ್ನು ಬಂಧಿಸಿ ಠಾಣೆಗೆ ತಂದರು.

“ನಾಗವೇಣಿ ಮ್ಯಾಲ ಏನು ಸಿಟ್ಟು?”

“ಆಕಿ ಮ್ಯಾಲ ಏನಿಲ್ರಿ. ಸಿಟ್ಟು ಆ ಮಾಳಿಂಗರಾಯನ ಮ್ಯಾಲ. ಕುರ್ಚಿ ಹೊರಸ್ತಾನ, ಮೈಕ್ ಕಟ್ಟಸ್ತಾನ, ಹುಡುಗರ ಮುಂದ ‘ಏ ವೈರ್’ ಅಂತ ಕರೀತಾನ. ಎಲ್ಲಾರ ಮುಂದ ಅವನ್ನ ಬೈಬೇಕಿತ್ರಿ. ನನ್ನ ಬಾಯಿಲೆ ಬೈಯಾಕ ಧೈರ್ಯ ಸಾಲಲಿಲ್ಲ.”

ಕಾರ್ಯದರ್ಶಿಯ ಕುರ್ಚಿ ನೆನಪಾಗಿ ರೇಣುಕಾದೇವಿಗೆ ಒಂದು ಕ್ಷಣ ಇವನ ಮೇಲೆ ಕನಿಕರ ಹುಟ್ಟಿತು.

“ಆಕಿ ಲ್ಯಾಪ್‌ಟಾಪ ಯಾಕ?”

“ಉಳದವರು ತಮ್ಮದು ಮುಟ್ಟಾಕ ಕೊಡಂಗಿಲ್ರಿ. ಆಕಿ ಒಬ್ಬಾಕಿನ ‘ಸರ್, ನೀವ ನೋಡ್ರಿ’ ಅಂತ ಕೈಯಾಗ ಕೊಡ್ತಿದ್ದಾಕಿ.”

ಕನಿಕರ ಸುಟ್ಟುಹೋಯಿತು. “ನಿನ್ನ ಸರ್ ಅಂದಾಕಿಗೇ ಗುಂಡಿ ತೋಡಿದಿ,” ಎಂದಳು. ಅವನು ಮುಖ ಮುಚ್ಚಿಕೊಂಡ.

ನಾಗವೇಣಿ ಹೊರಗೆ ಬೆಂಚಿನ ಮೇಲಿದ್ದಳು. ಆ ಮಾತೆಲ್ಲ ಬಾಗಿಲಿನಾಚೆಗೂ ಕೇಳಿತ್ತು. ಕೆಲಸ ಉಳಿಯಿತೆಂದು ಹಫೀಜ್ ಹೇಳಿದ, ಅವಳು ತಲೆಯಾಡಿಸಿದಳು. ಮನೆಗೆ ತಿಳಿಸೋಣವೆಂದರೆ ಅವಳ ಮೊಬೈಲ್ ಸತ್ತಿತ್ತು.

“ಕೊಡ್ರಿ ಟೀಚರ್, ಒಳಗ ಚಾರ್ಜಿಗೆ ಹಾಕ್ತೀನಿ.”

ಹಫೀಜ್ ಚಾಚಿದ ಕೈಯನ್ನು ನೋಡಿ ಅವಳು ಮೊಬೈಲನ್ನು ಎದೆಗವಚಿಕೊಂಡಳು.

“ಬ್ಯಾಡ್ರಿ,” ಎಂದಳು. “ಇನ್ನ ಯಾರ ಕೈಯಾಗೂ ಕೊಡಂಗಿಲ್ಲ.”